ಹಿಡಿ ಸಿಗದ ಕಣಗಳು: ಪ್ರತಿಕಾಯ ಇಲ್ಲದ ದೇಹದಲ್ಲಿ ಹುಟ್ಟುಕಾವಲು

ಮಗುವಿನ ಬಾಯಿ ತೆರೆಸಿ, ನಾಲಿಗೆಯನ್ನು ಒತ್ತಿಹಿಡಿದು, ಟಾರ್ಚ್ ಬಿಟ್ಟು ನೋಡಿದರೆ ಗಂಟಲಿನ ಎರಡೂ ಬದಿಗೆ ಟಾನ್ಸಿಲ್ ಕಾಣಬೇಕು. ಮೇಲಿಂದ ಮೇಲೆ ಕಿವಿ ಸೋರುವ, ವರ್ಷದಲ್ಲಿ ಎರಡು ಮೂರು ಸಲ ನ್ಯುಮೋನಿಯಾ ಆಗುವ ಮಗುವಿಗಂತೂ ಅವು ಊದಿಕೊಂಡಿರುತ್ತವೆ ಎಂದೇ ವೈದ್ಯರು ಎಣಿಸುತ್ತಾರೆ. ಆದರೆ ಕೆಲವು ಗಂಡುಮಕ್ಕಳಲ್ಲಿ ಆ ಜಾಗ ನುಣ್ಣಗೆ ಖಾಲಿ ಇರುತ್ತದೆ. ಆಪರೇಷನ್ ಮಾಡಿ ತೆಗೆದದ್ದಲ್ಲ, ಬೆಳೆದೇ ಇಲ್ಲ. ಟಾನ್ಸಿಲ್ಲಿನ ಬಹುಪಾಲು ಪ್ರತಿಕಾಯ ತಯಾರಿಸುವ ಬಿ ಕಣಗಳಿಂದಲೇ ಆದದ್ದು. ಬಿ ಕಣಗಳಿಲ್ಲದ ದೇಹದಲ್ಲಿ ಟಾನ್ಸಿಲ್ ಇಲ್ಲ, ಪ್ರತಿಕಾಯವೂ ಇಲ್ಲ.

ಅದೇ ಮಗುವಿನ ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬೇರೆಯೇ ಚಿತ್ರ. ಮೂರು ನಾಲ್ಕು ಹಾಲೆಯ ಕೋಶಕೇಂದ್ರವಿರುವ ನ್ಯೂಟ್ರೊಫಿಲ್‌ಗಳು, ಅವರೆಬೀಜದಂತೆ ಬಾಗಿದ ಕೋಶಕೇಂದ್ರದ ದೊಡ್ಡ ಮೊನೊಸೈಟ್‌ಗಳು ಸಾಮಾನ್ಯವಾಗಿ ಅಲ್ಲಿರುತ್ತವೆ. ಇವು ಹುಟ್ಟಿನಿಂದಲೇ ಕೆಲಸ ಬಲ್ಲ ಕಣಗಳು, ಯಾವ ಲಸಿಕೆಯೂ ಇವಕ್ಕೆ ಪಾಠ ಹೇಳಬೇಕಿಲ್ಲ. ಇಷ್ಟು ಸೈನ್ಯ ಇದ್ದೂ ಮಗು ಯಾಕೆ ಸೋಲುತ್ತದೆ? ಪ್ರತಿಕಾಯ ಕೊರತೆಯನ್ನು ಬರೀ ‘ಐಜಿಜಿ ಕಡಿಮೆ’ ಎಂಬ ಲ್ಯಾಬ್ ವರದಿಯಾಗಿ ನೋಡಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಈ ಕಾಯಿಲೆಯ ಅರ್ಧ ಕಥೆ ಇರುವುದೇ ಹುಟ್ಟುಕಾವಲಿನ ಕಣಗಳಲ್ಲಿ.

ಕಣವೋ, ದ್ರವವೋ ಎಂಬ ಹಳೆಯ ಜಗಳ

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ರಷ್ಯಾದ ಜೀವಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿ ಇಟ್ಟರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. ದೇಹವನ್ನು ಕಾಯುವುದು ನುಂಗುವ ಕಣಗಳು ಎಂಬ ಸಿದ್ಧಾಂತ ಹುಟ್ಟಿದ್ದು ಹೀಗೆ. 1890ರಲ್ಲಿ ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಕಿಟಾಸಾಟೊ ಶಿಬಾಸಾಬುರೊ, ರೋಗಾಣುವಿನ ವಿಷವನ್ನು ತಣಿಸುವ ಶಕ್ತಿ ರಕ್ತದ ದ್ರವಭಾಗದಲ್ಲಿದೆ ಎಂದು ತೋರಿಸಿದರು. ಕಣವಾದಿಗಳಿಗೂ ದ್ರವವಾದಿಗಳಿಗೂ ವರ್ಷಗಟ್ಟಲೆ ವಾದ ನಡೆಯಿತು. 1908ರ ನೊಬೆಲ್ ಪ್ರಶಸ್ತಿಯನ್ನು ಕಣಗಳ ಪರವಾಗಿದ್ದ ಮೆಚ್ನಿಕಾಫ್‌ಗೂ ಪ್ರತಿಕಾಯಗಳ ಪರವಾಗಿದ್ದ ಪಾಲ್ ಎರ್ಲಿಕ್‌ಗೂ ಹಂಚಿ ಕೊಟ್ಟರು.

ಈ ಎರಡನ್ನೂ ಬೆಸೆದವರು ಲಂಡನ್ನಿನ ಆಲ್ಮ್‌ರಾತ್ ರೈಟ್ ಮತ್ತು ಸ್ಟುವರ್ಟ್ ಡಗ್ಲಸ್. ತೊಳೆದು ಬರಿದಾಗಿಸಿದ ಬಿಳಿಕಣಗಳು ಬ್ಯಾಕ್ಟೀರಿಯಾವನ್ನು ಸರಿಯಾಗಿ ನುಂಗುವುದಿಲ್ಲ, ಸೀರಮ್ ಬೆರೆಸಿದರೆ ಲಗುಬಗೆಯಿಂದ ನುಂಗುತ್ತವೆ ಎಂದು 1903ರಲ್ಲಿ ಅವರು ತೋರಿಸಿದರು. ಸೀರಮ್ಮಿನ ಆ ವಸ್ತುವಿಗೆ ‘ಆಪ್ಸೊನಿನ್’ ಎಂದು ಹೆಸರಿಟ್ಟರು. ರೊಟ್ಟಿಯ ಜೊತೆ ನಂಜಿಕೊಳ್ಳುವ ವ್ಯಂಜನಕ್ಕೆ ಗ್ರೀಕ್ ಭಾಷೆಯಲ್ಲಿರುವ ಪದವೇ ಅದರ ಮೂಲ. ನಮಗೆ ಇದನ್ನು ಬೇರೆಯಾಗಿ ಬಿಡಿಸಿ ಹೇಳಬೇಕಿಲ್ಲ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಸಾರಿಲ್ಲದೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ನ್ಯೂಟ್ರೊಫಿಲ್‌ಗೆ ಬ್ಯಾಕ್ಟೀರಿಯಾ ಮುದ್ದೆಯಾದರೆ ಪ್ರತಿಕಾಯವೇ ಸಾರು.

ಮೂರು ಬಗೆಯ ಕೊರತೆ

1952ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಮಕ್ಕಳ ವೈದ್ಯ ಕರ್ನಲ್ ಆಗ್ಡನ್ ಬ್ರೂಟನ್ ಎಂಟು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಆ ಹುಡುಗನ ರಕ್ತಕ್ಕೆ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಮತ್ತೆ ಮತ್ತೆ ನುಗ್ಗುತ್ತಿತ್ತು. ಸೀರಮ್ಮಿನ ಪ್ರೊಟೀನ್‌ಗಳನ್ನು ವಿದ್ಯುತ್ ಹರಿಸಿ ಬೇರ್ಪಡಿಸುವ ಎಲೆಕ್ಟ್ರೊಫೊರೆಸಿಸ್ ಆಗಿನ್ನೂ ಹೊಸ ತಂತ್ರ. ಅದರಲ್ಲಿ ನೋಡಿದಾಗ ಗಾಮಾ ಗ್ಲಾಬ್ಯುಲಿನ್ ಇರಬೇಕಾದ ಜಾಗ ಬರಿದಾಗಿತ್ತು. ಬ್ರೂಟನ್ ಬೇರೆಯವರ ರಕ್ತದಿಂದ ತೆಗೆದ ಗಾಮಾ ಗ್ಲಾಬ್ಯುಲಿನ್ನನ್ನು ಹುಡುಗನ ಚರ್ಮದಡಿಗೆ ಚುಚ್ಚಿ ಕೊಡತೊಡಗಿದರು, ಸೋಂಕುಗಳು ಹತೋಟಿಗೆ ಬಂದವು. ಒಂದೇ ಲೇಖನದಲ್ಲಿ ಕಾಯಿಲೆ, ಕಾರಣ, ಚಿಕಿತ್ಸೆ ಮೂರೂ ಸಿಕ್ಕಿದ್ದು ವೈದ್ಯಕೀಯದಲ್ಲಿ ಅಪರೂಪ.

ಆ ಕಾಯಿಲೆಗೆ ಇಂದಿನ ಹೆಸರು ಎಕ್ಸ್-ಲಿಂಕ್ಡ್ ಅಗಾಮಾಗ್ಲಾಬ್ಯುಲಿನೀಮಿಯಾ, ಚಿಕ್ಕದಾಗಿ ಎಕ್ಸ್‌ಎಲ್ಎ. ಎಕ್ಸ್ ವರ್ಣತಂತುವಿನ ಒಂದು ಜೀನ್ ಕೆಡುವುದರಿಂದ ಬರುತ್ತದೆ. ತಾಯಿ ಅದನ್ನು ಹೊತ್ತಿರುತ್ತಾಳೆ, ಕಾಯಿಲೆ ಕಾಣುವುದು ಮಗನಲ್ಲಿ. ತಾಯಿಯಿಂದ ಬಂದ ಐಜಿಜಿ ಎಂಬ ಪ್ರತಿಕಾಯ ಮೊದಲ ಕೆಲವು ತಿಂಗಳು ಕಾಯುತ್ತದೆ, ಅದು ಕರಗಿದ ಮೇಲೆ ಸೋಂಕು ಶುರು. ಎರಡನೆಯದು ಸಿವಿಐಡಿ, ಅಂದರೆ ಕಾಮನ್ ವೇರಿಯಬಲ್ ಇಮ್ಯುನೊಡಿಫಿಷಿಯನ್ಸಿ. ಇದು ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ, ಅನೇಕರಲ್ಲಿ ಇಪ್ಪತ್ತು ದಾಟಿದ ಮೇಲೆ ಪತ್ತೆಯಾಗುತ್ತದೆ. ಬಿ ಕಣಗಳು ಸಾಮಾನ್ಯವಾಗಿ ಇರುತ್ತವೆ, ಆದರೆ ಒಳ್ಳೆಯ ಪ್ರತಿಕಾಯ ಮಾಡುವ ಹಂತಕ್ಕೆ ಬೆಳೆಯುವುದಿಲ್ಲ. ಅಂದಾಜು 25,000ದಿಂದ 50,000 ಜನರಲ್ಲಿ ಒಬ್ಬರಿಗೆ ಇದೆ. ಮೂರನೆಯದು ಐಜಿಎ ಎಂಬ ಪ್ರತಿಕಾಯ ಒಂದೇ ಇಲ್ಲದಿರುವುದು. ಯುರೋಪಿನ ಮೂಲದವರಲ್ಲಿ ಸಾಕಷ್ಟು ಸಾಮಾನ್ಯ, ಹೆಚ್ಚಿನವರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ.

ಲೋಳೆ ಹೊದ್ದ ಶತ್ರು

ಕಾಮಕಸ್ತೂರಿ ಬೀಜವನ್ನು ನೀರಲ್ಲಿ ನೆನೆಹಾಕಿದರೆ ಸುತ್ತ ಲೋಳೆ ಉಬ್ಬಿಕೊಳ್ಳುತ್ತದೆ. ಬೆರಳಲ್ಲಿ ಹಿಡಿಯಹೋದರೆ ಜಾರುತ್ತದೆ. ನ್ಯುಮೊಕಾಕಸ್ ಮತ್ತು ಹೀಮೊಫಿಲಸ್ ಇನ್‌ಫ್ಲುಯೆಂಜಾ ಟೈಪ್ ಬಿ ಇಂಥದೇ ಸಕ್ಕರೆಸರದ ಹೊದಿಕೆ ಹೊದ್ದಿರುತ್ತವೆ. ನ್ಯೂಟ್ರೊಫಿಲ್ ಅವನ್ನು ಮುಟ್ಟಿದರೂ ಹಿಡಿತ ಸಿಗುವುದಿಲ್ಲ. ಐಜಿಜಿ ಪ್ರತಿಕಾಯ ಒಂದು ತುದಿಯಿಂದ ಈ ಹೊದಿಕೆಯನ್ನು ಕಚ್ಚಿಕೊಳ್ಳುತ್ತದೆ. ಹೊರಗೆ ಚಾಚಿದ ಇನ್ನೊಂದು ತುದಿಗೆ ನ್ಯೂಟ್ರೊಫಿಲ್‌, ಮ್ಯಾಕ್ರೊಫೇಜ್‌ಗಳಂಥ ನುಂಗುವ ಕಣಗಳ ಮೈಮೇಲಿನ ಎಫ್‌ಸಿ ಗ್ರಾಹಕಗಳು ಅಂಟುತ್ತವೆ. ಕಾವಲಿಯ ಹಿಡಿ ಇದ್ದ ಹಾಗೆ. ಹಿಡಿ ಸಿಕ್ಕಿದೊಡನೆ ಕಣ ತನ್ನ ಪೊರೆಯನ್ನು ಚಾಚಿ ಬ್ಯಾಕ್ಟೀರಿಯಾವನ್ನು ಒಳಗೆಳೆದುಕೊಂಡು, ಆಮ್ಲಜನಕದಿಂದ ತಯಾರಿಸಿದ ಸುಡುವ ರಾಸಾಯನಿಕಗಳನ್ನೂ ಕಿಣ್ವಗಳನ್ನೂ ಅದರ ಮೇಲೆ ಸುರಿಯುತ್ತದೆ.

ಪ್ರತಿಕಾಯ ಇಲ್ಲದಿದ್ದರೆ ಹುಟ್ಟುಕಾವಲಿಗೆ ಬೇರೆ ದಾರಿಗಳೂ ಇವೆ. ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೊಟೀನ್‌ಗಳ ಸಾಲು ಪ್ರತಿಕಾಯದ ನೆರವಿಲ್ಲದೆಯೂ ಬ್ಯಾಕ್ಟೀರಿಯಾಕ್ಕೆ ಗುರುತು ಹಾಕಬಲ್ಲದು. ಆದರೆ ದಪ್ಪ ಲೋಳೆಯ ಕೆಳಗೆ ಕುಳಿತ ಆ ಗುರುತು ನ್ಯೂಟ್ರೊಫಿಲ್‌ಗೆ ಎಟುಕದೆ ಹೋಗಬಹುದು. ಇನ್ನೊಂದು ದಾರಿಯನ್ನು 1946ರಲ್ಲಿ ಅಮೆರಿಕದ ಬ್ಯಾರಿ ವುಡ್ ಮತ್ತು ಜೊತೆಗಾರರು ಕಂಡುಕೊಂಡರು. ನುಣುಪಾದ ಗಾಜಿನ ಮೇಲೆ ನ್ಯುಮೊಕಾಕಸ್ಸನ್ನು ಹಿಡಿಯಲಾರದ ಬಿಳಿಕಣ, ಒರಟು ಮೇಲ್ಮೈ ಸಿಕ್ಕರೆ ಪ್ರತಿಕಾಯ ಇಲ್ಲದೆಯೂ ಅದನ್ನು ಮೂಲೆಗೊತ್ತಿ ನುಂಗುತ್ತದೆ. ಶ್ವಾಸಕೋಶದ ಅಂಗಾಂಶ, ಹೆಪ್ಪುಗಟ್ಟಿದ ನಾರು, ಪಕ್ಕದ ಇನ್ನೊಂದು ಕಣ, ಯಾವುದಾದರೂ ಗೋಡೆಯಾಗಿ ಒದಗುತ್ತದೆ. ಕೆರೆಯಲ್ಲಿ ಜಾರುವ ಮೀನನ್ನು ದಡಕ್ಕೆ ಅಟ್ಟಿ ಹಿಡಿಯುವ ಉಪಾಯವೇ ಇದು. ಎಕ್ಸ್‌ಎಲ್ಎ ಇರುವ ಮಗು ಮೊದಲ ನ್ಯುಮೋನಿಯಾಕ್ಕೇ ಸಾಯದೆ, ಆಂಟಿಬಯೋಟಿಕ್ ಕೊಟ್ಟಾಗ ಚೇತರಿಸಿಕೊಳ್ಳುವುದರಲ್ಲಿ ಇಂಥ ಉಪಾಯಗಳ ಪಾಲೂ ಇರಬಹುದು. ಹರಿಯುವ ರಕ್ತದಲ್ಲಿ ಮಾತ್ರ ಗೋಡೆ ಸಿಗುವುದಿಲ್ಲ, ಬ್ಯಾಕ್ಟೀರಿಯಾ ಅಲ್ಲಿಗಿಳಿದರೆ ಅಪಾಯ.

ಈ ಮಕ್ಕಳಿಗೆ ಯಾವ ಸೋಂಕು ಬರುವುದಿಲ್ಲ ಎಂಬುದೂ ಅಷ್ಟೇ ಪಾಠ ಹೇಳುತ್ತದೆ. ಬೂಸ್ಟಿನಂಥ ಶಿಲೀಂಧ್ರಗಳನ್ನು ಮುಖ್ಯವಾಗಿ ತಡೆಯುವುದು ನ್ಯೂಟ್ರೊಫಿಲ್, ಮ್ಯಾಕ್ರೊಫೇಜ್ ಮತ್ತು ಟಿ ಕಣಗಳು. ಎಕ್ಸ್‌ಎಲ್ಎಯಲ್ಲಿ ಶಿಲೀಂಧ್ರ ಸೋಂಕು ಅಪರೂಪ. ಅಂದರೆ ಆ ಕಣಗಳು ತಮ್ಮ ಮೂಲ ಕೆಲಸವನ್ನು ಮಾಡುತ್ತಲೇ ಇವೆ. ಸೋಲುವುದು ಲೋಳೆಯ ಬ್ಯಾಕ್ಟೀರಿಯಾ ಎದುರಾದಾಗ, ಕರುಳಲ್ಲಿ ಜಿಯಾರ್ಡಿಯಾ ಸೇರಿಕೊಂಡಾಗ, ಎಂಟೆರೊವೈರಸ್ ಮಿದುಳನ್ನು ಹೊಕ್ಕಾಗ. ಪೋಲಿಯೊ ಹನಿಯಲ್ಲಿರುವ ದುರ್ಬಲಗೊಳಿಸಿದ ಜೀವಂತ ವೈರಸ್ ಕೂಡ ಎಂಟೆರೊವೈರಸ್ ಬಳಗದ್ದೇ. ಇವರ ಕರುಳಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿದು ಬದಲಾಗುತ್ತಾ ಹೋಗಬಲ್ಲದು. ಹಾಗಾಗಿ ಕಾಯಿಲೆ ಪತ್ತೆಯಾದ ಮಗುವಿಗೂ ಮನೆಯ ಇತರ ಮಕ್ಕಳಿಗೂ ಹನಿಯ ಬದಲು ಇಂಜೆಕ್ಷನ್ ಲಸಿಕೆ ಕೊಡಬೇಕು. ಪಲ್ಸ್ ಪೋಲಿಯೊ ಭಾನುವಾರ ಬೂತಿಗೆ ಹೋಗುವ ಮುನ್ನ ಇಂಥ ಮನೆಯವರು ವೈದ್ಯರನ್ನು ಕೇಳಲೇಬೇಕು.

ಒಂದು ಜೀನ್, ಹಲವು ಕಣ

ಎಕ್ಸ್‌ಎಲ್ಎಗೆ ಕಾರಣವಾದ ಜೀನ್ 1993ರಲ್ಲಿ ಸಿಕ್ಕಿತು, ಎರಡು ತಂಡಗಳು ಬೇರೆ ಬೇರೆಯಾಗಿ ಅದನ್ನು ಗುರುತಿಸಿದವು. ಅದು ತಯಾರಿಸುವ ಕಿಣ್ವಕ್ಕೆ ಬ್ರೂಟನ್ ಹೆಸರನ್ನೇ ಇಟ್ಟರು: ಬ್ರೂಟನ್ಸ್ ಟೈರೊಸಿನ್ ಕೈನೇಸ್, ಚಿಕ್ಕದಾಗಿ ಬಿಟಿಕೆ. ಅಸ್ಥಿಮಜ್ಜೆಯಲ್ಲಿ ಬಿ ಕಣ ಬೆಳೆಯಲು ಬಿಟಿಕೆಯ ಸಂಕೇತ ಬೇಕೇ ಬೇಕು. ಆದರೆ ಈ ಕಿಣ್ವ ಬಿ ಕಣದ ಸ್ವತ್ತಷ್ಟೇ ಅಲ್ಲ. ಮೊನೊಸೈಟ್, ಮ್ಯಾಕ್ರೊಫೇಜ್, ನ್ಯೂಟ್ರೊಫಿಲ್, ಮಾಸ್ಟ್ ಕಣ, ಡೆಂಡ್ರೈಟಿಕ್ ಕಣಗಳಲ್ಲೂ ಇದೆ. ಟಿ ಕಣದಲ್ಲಿ ಇಲ್ಲ. ಹಾಗಿದ್ದ ಮೇಲೆ ಎಕ್ಸ್‌ಎಲ್ಎಯನ್ನು ಬರೀ ಬಿ ಕಣದ ಕಾಯಿಲೆ ಎನ್ನುವುದು ಪೂರ್ತಿ ಸರಿಯಲ್ಲ.

ಇದರ ಕಣ್ಣಿಗೆ ಕಾಣುವ ಸಾಕ್ಷಿ ನ್ಯೂಟ್ರೊಫಿಲ್ ಕುಸಿತ. ಚಿಕಿತ್ಸೆ ಶುರುವಾಗುವ ಮೊದಲು, ಸೋಂಕಿನ ನಡುವೆ ಆಸ್ಪತ್ರೆಗೆ ಬಂದ ಎಕ್ಸ್‌ಎಲ್ಎ ಮಕ್ಕಳಲ್ಲಿ ಸುಮಾರು ಹತ್ತರಿಂದ ಇಪ್ಪತ್ತೈದು ಪ್ರತಿಶತದಷ್ಟು ಮಂದಿಗೆ ನ್ಯೂಟ್ರೊಫಿಲ್ ಸಂಖ್ಯೆ ತೀರ ಕೆಳಗಿಳಿದಿರುತ್ತದೆ. ಆರೋಗ್ಯವಂತರ ಅಸ್ಥಿಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೊಫಿಲ್ ಹೊರಬಿಡುತ್ತದೆ. ಸೋಂಕು ಬಂದಾಗ ಈ ಸಂಖ್ಯೆ ಏರಬೇಕು. ಇವರಲ್ಲಿ ಏರುವ ಬದಲು ಇಳಿಯುತ್ತದೆ. ಆಗ ಸೂಡೊಮೊನಾಸ್ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿ ಚರ್ಮದ ಮೇಲೆ ಕರಿಹೊಕ್ಕಳದ ಹುಣ್ಣು ಮಾಡುವುದುಂಟು. ವರದಿಯಲ್ಲಿ ನ್ಯೂಟ್ರೊಫಿಲ್ ಕಡಿಮೆ ಎಂದಷ್ಟೇ ನೋಡಿ ಅಸ್ಥಿಮಜ್ಜೆಯ ಕಾಯಿಲೆ ಎಂದುಕೊಂಡು, ಐಜಿಜಿ ಪರೀಕ್ಷೆ ಮಾಡಿಸುವುದೇ ಮರೆತುಹೋಗುವ ಅಪಾಯ ಇಲ್ಲಿದೆ. ಇಮ್ಯುನೊಗ್ಲಾಬ್ಯುಲಿನ್ ಚಿಕಿತ್ಸೆ ಆರಂಭಿಸಿದ ಮೇಲೆ ಹೆಚ್ಚಿನ ಮಕ್ಕಳಲ್ಲಿ ಸಂಖ್ಯೆ ತಾನಾಗಿ ಸರಿಹೋಗುತ್ತದೆ, ಜೀನ್ ಕೆಟ್ಟೇ ಇದ್ದರೂ.

ಬಿಟಿಕೆ ಇಲ್ಲದ ನ್ಯೂಟ್ರೊಫಿಲ್ ಒಳಗೆ ಏನಾಗುತ್ತದೆ? 2012ರಲ್ಲಿ ಜಪಾನಿನ ತಂಡವೊಂದು ಅವು ಅತಿಯಾಗಿ ಸುಡುರಾಸಾಯನಿಕ ತಯಾರಿಸಿ ತಾವೇ ಬೇಗ ಸಾಯುತ್ತವೆ ಎಂದಿತು. ಆಮೇಲಿನ ಬೇರೆ ತಂಡಗಳಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಮೊನೊಸೈಟ್ ಮತ್ತು ಡೆಂಡ್ರೈಟಿಕ್ ಕಣಗಳಲ್ಲಿ ವೈರಸ್ಸಿನ ಆರ್‌ಎನ್‌ಎ ಗುರುತಿಸುವ ಟಿಎಲ್‌ಆರ್8 ಗ್ರಾಹಕದ ಉತ್ತರ ಮಂದ ಎಂದು 2007ರ ಅಧ್ಯಯನ ತೋರಿಸಿದೆ. ಎಂಟೆರೊವೈರಸ್ ಕೂಡ ಆರ್‌ಎನ್‌ಎ ವೈರಸ್ಸೇ. ಎರಡನ್ನೂ ಜೋಡಿಸಿ ನೋಡುವ ಆಸೆ ಸಹಜ, ಆದರೆ ಆ ಜೋಡಣೆ ಇನ್ನೂ ಸಾಬೀತಾಗಿಲ್ಲ.

ಕೆರಳಿದ ಕಣಗಳು: ಸಿವಿಐಡಿ

ನನ್ನ ಮಟ್ಟಿಗೆ ಈ ವಿಷಯದ ತಿರುಳು ಇಲ್ಲಿದೆ. ಎಕ್ಸ್‌ಎಲ್ಎಯಲ್ಲಿ ಹುಟ್ಟುಕಾವಲಿನ ಕಣಗಳಿಗೆ ಹಿಡಿ ಸಿಗದ ಕಷ್ಟ. ಸಿವಿಐಡಿಯಲ್ಲಿ ಅವೇ ಕಣಗಳು ಮನೆಯವರ ಮೇಲೆ ತಿರುಗಿಬೀಳುತ್ತವೆ.

ಸಿವಿಐಡಿ ಇರುವ ಕೆಲವರಿಗೆ ಆಗಾಗ ಸೋಂಕು ಬರುವುದಷ್ಟೇ ತೊಂದರೆ. ಇನ್ನು ಕೆಲವರಿಗೆ ಗುಲ್ಮ ಊದುತ್ತದೆ, ಪ್ಲೇಟ್‌ಲೆಟ್ ಕುಸಿಯುತ್ತದೆ, ಕರುಳು ಉರಿದು ಭೇದಿ ನಿಲ್ಲುವುದಿಲ್ಲ, ಶ್ವಾಸಕೋಶದಲ್ಲಿ ಗ್ರಾನ್ಯುಲೋಮ ಎಂಬ ಗಂಟುಗಳು ಏಳುತ್ತವೆ. ನ್ಯೂಯಾರ್ಕಿನ ಮೌಂಟ್ ಸಿನಾಯ್‌ನಲ್ಲಿ ನಾಲ್ಕು ದಶಕಗಳ ಕಾಲ ಗಮನಿಸಿದ 473 ರೋಗಿಗಳ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಸೋಂಕಲ್ಲದ ಈ ಬಗೆಯ ತೊಡಕುಗಳಿದ್ದವರಲ್ಲಿ ಸಾವಿನ ಅಪಾಯ ಉಳಿದವರಿಗಿಂತ 11 ಪಟ್ಟು ಹೆಚ್ಚಿತ್ತು. ಈ ಅಂಕಿ ಓದಿದ ಮೇಲೆ ಐಜಿಜಿ ತುಂಬಿಕೊಟ್ಟರೆ ಎಲ್ಲ ಸರಿಹೋಯಿತು ಎಂದು ಯಾರೂ ಹೇಳಲಾರರು.

ಗ್ರಾನ್ಯುಲೋಮ ಅಂದರೆ ಏನು? ಮ್ಯಾಕ್ರೊಫೇಜ್‌ಗಳು ತಮಗೆ ಅರಗಿಸಲಾಗದ್ದನ್ನು ಸುತ್ತುವರಿದು, ಒಂದಕ್ಕೊಂದು ಬೆಸೆದು ಕಟ್ಟಿದ ಕೋಟೆ. ಕ್ಷಯದಲ್ಲಿ ಒಳಗೆ ಶತ್ರು ಇರುತ್ತಾನೆ. ಸಿವಿಐಡಿಯ ಗ್ರಾನ್ಯುಲೋಮದಲ್ಲಿ ಹುಡುಕಿದರೆ ಹೆಚ್ಚಾಗಿ ಯಾವ ರೋಗಾಣುವೂ ಸಿಗುವುದಿಲ್ಲ. ನಮ್ಮಲ್ಲಿ ಕ್ಷಯ ಹೆಚ್ಚು, ಹಾಗಾಗಿ ಸ್ಕ್ಯಾನ್‌ನಲ್ಲಿ ಗಂಟು ಕಂಡೊಡನೆ ಟಿಬಿ ಮಾತ್ರೆ ಬರೆದುಕೊಡುವ ಸಾಧ್ಯತೆಯೂ ಹೆಚ್ಚು. ಗಂಟಿನ ಜೊತೆ ಐಜಿಜಿ ಕಡಿಮೆ ಇದ್ದರೆ ಬೇರೆ ದಾರಿಯಲ್ಲೂ ಯೋಚಿಸಬೇಕು.

ಕೆರಳಿಸುವುದು ಯಾರು ಎಂಬುದಕ್ಕೆ ಕರುಳಿನ ಕಡೆ ಬೆರಳು ತೋರಿಸುವ ಪುರಾವೆಗಳು ಕೂಡುತ್ತಿವೆ. ಕರುಳಿನ ಒಳಪದರವನ್ನು ಐಜಿಎ ಕಾಯುತ್ತದೆ. ಅದು ಇಲ್ಲದಿದ್ದರೆ ಬ್ಯಾಕ್ಟೀರಿಯಾದ ಚೂರುಗಳು, ಮುಖ್ಯವಾಗಿ ಎಲ್‌ಪಿಎಸ್ ಎಂಬ ಹೊರಪದರದ ಅಂಶ, ರಕ್ತಕ್ಕೆ ಸೋರುತ್ತವೆ. ನಾರ್ವೆಯ ಓಸ್ಲೊದ ಸಂಶೋಧಕರು ಸಿವಿಐಡಿ ರೋಗಿಗಳ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆ, ರಕ್ತದಲ್ಲಿ ಎಲ್‌ಪಿಎಸ್ ಹೆಚ್ಚು ಎಂದು 2016ರಲ್ಲಿ ವರದಿ ಮಾಡಿದರು. ಎಲ್‌ಪಿಎಸ್ ಮೂಸಿದ ಮೊನೊಸೈಟ್ ಸುಮ್ಮನಿರುವುದಿಲ್ಲ. ಎಚ್ಚೆತ್ತು ಸೈಟೊಕೈನ್ ಎಂಬ ಸಂಕೇತ ಪ್ರೊಟೀನ್‌ಗಳನ್ನು ಸುರಿಸುತ್ತದೆ, ಸಿಡಿ14 ಎಂಬ ಗ್ರಾಹಕವನ್ನು ರಕ್ತಕ್ಕೆ ಉದುರಿಸುತ್ತದೆ. ಸಿವಿಐಡಿಯಲ್ಲಿ ಈ ಉದುರಿದ ಸಿಡಿ14 ಮಟ್ಟ ಏರಿರುವುದನ್ನು ಅಳೆದಿದ್ದಾರೆ. ಬಾಗಿಲಲ್ಲಿ ಯಾರೋ ಹಗಲಿರುಳು ಸದ್ದು ಮಾಡುತ್ತಿದ್ದರೆ ಕಾವಲುಗಾರ ನಿದ್ದೆಗೆಟ್ಟು ಸಿಟ್ಟಾಗುವಂತೆ ಇದು.

ಉಳಿದ ಕಣಗಳ ಸ್ಥಿತಿಯನ್ನು ಬೇಗ ಹೇಳಿಬಿಡಬಹುದು. ಡೆಂಡ್ರೈಟಿಕ್ ಕಣಗಳು ಅನೇಕ ಸಿವಿಐಡಿ ರೋಗಿಗಳಲ್ಲಿ ಕಡಿಮೆ, ಇದ್ದವೂ ಪೂರ್ತಿ ಬಲಿಯುವುದಿಲ್ಲ. ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವ ಎನ್‌ಕೆ ಕಣಗಳೂ ಕಡಿಮೆ. ಅವು ತೀರ ಕಡಿಮೆ ಇದ್ದವರಲ್ಲಿ ಗಂಭೀರ ಸೋಂಕು ಹೆಚ್ಚು ಎಂದು ಫ್ರಾನ್ಸಿನ ಅಧ್ಯಯನವೊಂದು ಹೇಳುತ್ತದೆ. ಉರಿಯೂತದ ತೊಡಕು ಇರುವವರ ರಕ್ತದಲ್ಲಿ ಇಂಟರ್‌ಫೆರಾನ್‌ನ ಪ್ರಭಾವಕ್ಕೊಳಗಾದ ಜೀನ್‌ಗಳು ಜೋರಾಗಿ ಕೆಲಸ ಮಾಡುತ್ತಿರುತ್ತವೆ, ಇಂಟರ್‌ಫೆರಾನ್ ಗಾಮಾ ಸುರಿಸುವ ಹುಟ್ಟು ಲಿಂಫಾಯ್ಡ್ ಕಣಗಳು ಹೆಚ್ಚಿರುತ್ತವೆ ಎಂದು ಮೌಂಟ್ ಸಿನಾಯ್‌ನ ಚಾರ್ಲೊಟ್ ಕನಿಂಗ್‌ಹ್ಯಾಮ್-ರಂಡಲ್ಸ್ ತಂಡ ತೋರಿಸಿದೆ. ಕೆಲವು ಕುಟುಂಬಗಳಲ್ಲಿ ಮೂಲವೇ ಜೀನ್‌ನಲ್ಲಿದೆ. ಎನ್ಎಫ್‌ಕೆಬಿ1 ಜೀನ್ ಕೆಟ್ಟಾಗ ಬಿ ಕಣ ಮಾತ್ರವಲ್ಲ, ಮ್ಯಾಕ್ರೊಫೇಜ್‌ನ ಉರಿಯೂತದ ಹತೋಟಿಯೂ ತಪ್ಪುತ್ತದೆ.

ಕೋವಿಡ್ ತೋರಿಸಿದ್ದು

2020ರ ಆರಂಭದಲ್ಲಿ ಇಟಲಿಯಿಂದ ಬಂದ ವರದಿಗಳು ಎಲ್ಲರನ್ನೂ ಬೆರಗುಗೊಳಿಸಿದವು. ಬಿ ಕಣವೇ ಇಲ್ಲದ ಬೆರಳೆಣಿಕೆಯ ರೋಗಿಗಳು ಕೋವಿಡ್‌ನಿಂದ ತೀವ್ರ ನಿಗಾ ಘಟಕ ಸೇರದೆ ಚೇತರಿಸಿಕೊಂಡರು. ಬಿ ಕಣ ಇರುವ ಸಿವಿಐಡಿ ರೋಗಿಗಳಿಗೆ ಕಾಯಿಲೆ ಹೆಚ್ಚು ಬಾಧಿಸಿತು. ಮೊನೊಸೈಟ್‌ಗಳ ಕೆರಳಿಕೆಗೆ ಬಿಟಿಕೆ ಬೇಕು, ಅದಿಲ್ಲದವರಲ್ಲಿ ಉರಿಯೂತದ ಬಿರುಗಾಳಿ ಏಳಲಿಲ್ಲ ಎಂಬ ವಾದ ಹುಟ್ಟಿತು. ಬಿಟಿಕೆ ತಡೆಯುವ ಔಷಧಗಳು ರಕ್ತಕ್ಯಾನ್ಸರಿಗೆ 2013ರಿಂದಲೇ ಬಳಕೆಯಲ್ಲಿದ್ದವು, ಅವನ್ನು ಕೋವಿಡ್ ರೋಗಿಗಳ ಮೇಲೆ ಪ್ರಯೋಗಿಸಿದರು. ನಿರೀಕ್ಷಿಸಿದ ಫಲ ಸಿಗಲಿಲ್ಲ. ಎಕ್ಸ್‌ಎಲ್ಎ ರೋಗಿಗಳಲ್ಲೂ ಆಮೇಲೆ ವಾರಗಟ್ಟಲೆ ಜ್ವರ ಬಿಡದ, ವೈರಸ್ ಹೋಗದ ಪ್ರಕರಣಗಳು ಬಂದವು. ಚೇತರಿಸಿಕೊಂಡವರ ಪ್ಲಾಸ್ಮಾ ಕೊಟ್ಟ ಮೇಲೆ ಅವರಲ್ಲಿ ಹಲವರು ಗುಣವಾದರು. ಹುಟ್ಟುಕಾವಲು ಕಾಯಿಲೆಯನ್ನು ಹತೋಟಿಯಲ್ಲಿ ಇಡಬಲ್ಲದು, ವೈರಸ್ಸನ್ನು ಪೂರ್ತಿ ಗುಡಿಸಿ ಹಾಕಲು ಪ್ರತಿಕಾಯದ ನೆರವು ಬೇಕಾಗುತ್ತದೆ ಎಂದೇ ನಾನು ಇದನ್ನು ಓದುತ್ತೇನೆ.

ಬಾಟಲಿಯಲ್ಲಿ ಬಂದ ಹಿಡಿ

ಚಿಕಿತ್ಸೆಯ ತಳಹದಿ ಇಂದಿಗೂ ಬ್ರೂಟನ್ ಮಾಡಿದ್ದೇ. ಸಾವಿರಾರು ದಾನಿಗಳ ಪ್ಲಾಸ್ಮಾ ಒಟ್ಟುಗೂಡಿಸಿ ತೆಗೆದ ಐಜಿಜಿಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ರಕ್ತನಾಳಕ್ಕೆ, ಇಲ್ಲವೇ ಸಾಮಾನ್ಯವಾಗಿ ವಾರಕ್ಕೊಮ್ಮೆ ಚರ್ಮದಡಿಗೆ ಕೊಡುತ್ತಾರೆ. ರಕ್ತನಾಳಕ್ಕೆ ಕೊಡುವಾಗ ಪ್ರತಿ ಸಲ ದೇಹದ ತೂಕದ ಕಿಲೊಗೆ 400ರಿಂದ 600 ಮಿಲಿಗ್ರಾಂ ರೂಢಿಯ ಪ್ರಮಾಣ. ಇಪ್ಪತ್ತು ಕಿಲೊ ತೂಗುವ ಹುಡುಗನಿಗೆ ಐದು ಗ್ರಾಂನ ಎರಡು ಬಾಟಲಿ ಬೇಕು. ಹನಿ ಹನಿಯಾಗಿ ಇಳಿಯುವಾಗ ಅರ್ಧ ದಿನ ಆಸ್ಪತ್ರೆಯ ಹಾಸಿಗೆಯ ಮೇಲೆ. ರಕ್ತದಲ್ಲಿ ಐಜಿಜಿ ಸುಮಾರು ಮೂರು ವಾರದಲ್ಲಿ ಅರ್ಧಕ್ಕಿಳಿಯುತ್ತದೆ, ಆದ್ದರಿಂದ ಇದು ಜೀವನಪರ್ಯಂತದ ಲೆಕ್ಕ.

ಈ ದ್ರವ ರಕ್ತಕ್ಕಿಳಿದೊಡನೆ ನ್ಯೂಟ್ರೊಫಿಲ್‌ಗಳಿಗೆ ಹಿಡಿ ಸಿಗುತ್ತದೆ. ಕರುಳಿನಿಂದ ಸೋರಿದ ಚೂರುಗಳನ್ನೂ ಐಜಿಜಿ ಕಟ್ಟಿಹಾಕುವುದರಿಂದ ಕೆರಳಿಕೆ ಸ್ವಲ್ಪ ತಣಿಯುತ್ತದೆ. ಆದರೆ ಬಾಟಲಿಯಲ್ಲಿ ಐಜಿಎ, ಐಜಿಎಂ ಹೆಚ್ಚುಕಡಿಮೆ ಇಲ್ಲ. ಕರುಳಿನ ಬಾಗಿಲು ತೆರೆದೇ ಉಳಿಯುತ್ತದೆ. ಗ್ರಾನ್ಯುಲೋಮ, ಕರುಳುರಿತಗಳಿಗೆ ಸ್ಟಿರಾಯ್ಡ್ ಅಥವಾ ಬೇರೆ ಔಷಧ ಬೇಕಾಗುವುದು ಇದಕ್ಕೇ.

ಇಮ್ಯುನೊಗ್ಲಾಬ್ಯುಲಿನ್ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಭಾರತದ 2021ರ ರಾಷ್ಟ್ರೀಯ ವಿರಳ ಕಾಯಿಲೆ ನೀತಿ ಎಕ್ಸ್‌ಎಲ್ಎಯಂಥ ಕಾಯಿಲೆಗಳಿಗೆ ಈ ಚಿಕಿತ್ಸೆಯನ್ನು ಒಳಗೊಂಡಿದೆ. ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಡನೆ ಸೇರಿ ಅದು ಕೆಲಸ ಮಾಡುತ್ತದೆ.

ಯಾವಾಗ ಅನುಮಾನಿಸಬೇಕು

ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆದರೆ, ಆಂಟಿಬಯೋಟಿಕ್ ಮುಗಿದ ವಾರದಲ್ಲೇ ಕಿವಿ ಮತ್ತೆ ಸೋರತೊಡಗಿದರೆ, ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಾದರೂ ಚಿಕ್ಕಂದಿನಲ್ಲೇ ಸೋಂಕಿನಿಂದ ತೀರಿಕೊಂಡಿದ್ದರೆ, ‘ಮಗುವಿನ ಮೈಯೇ ನಾಜೂಕು’ ಎಂದು ಸುಮ್ಮನಾಗಬೇಡಿ. ದೊಡ್ಡವರಲ್ಲೂ ಅಷ್ಟೇ, ಬಿಡದ ಕೆಮ್ಮು, ಭೇದಿ, ಊದಿದ ಗುಲ್ಮ ಒಟ್ಟಿಗೆ ಇದ್ದರೆ ಕೇಳಿ. ಐಜಿಜಿ, ಐಜಿಎ, ಐಜಿಎಂ ಮಟ್ಟ ಅಳೆಯಲು ಒಂದೇ ಸಲ ರಕ್ತ ತೆಗೆದರೆ ಸಾಕು, ರಕ್ತಕಣಗಳ ಎಣಿಕೆ ಪರೀಕ್ಷೆಯಲ್ಲಿ ನ್ಯೂಟ್ರೊಫಿಲ್ ಸಂಖ್ಯೆಯೂ ಸಿಗುತ್ತದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಈ ಪರೀಕ್ಷೆಯ ಹೆಸರು ಹೇಳಿ ವೈದ್ಯರನ್ನು ಕೇಳಿ. ಹಾಗೆಯೇ ಮಗುವಿನ ಟಾನ್ಸಿಲ್ ಇದೆಯೇ ಎಂದು ನೋಡಲು ಹೇಳಿ.